‘ಹೀವ್’ ಎಂಬ ಇಂಗ್ಲಿಷ್ ಕ್ರಿಯಾಪದದ ಹಲವು ಅರ್ಥಗಳು: ಬೋಟ್ ಸುರಕ್ಷತೆಯ ಕೈಪಿಡಿಗೆ ಕನ್ನಡ ಬೇಕಾಗಿದೆ

ಕೋಡಿಬೆಂಗ್ರೆಯ ಓದುಗ

ಎಲ್ಲರಿಗೂ ನಮಸ್ಕಾರ. ಕಡಲಿಗೆ ಹೋಗುವ ಬೋಟುಗಳ ಸುರಕ್ಷತೆಯ ಬಗ್ಗೆ ಇಂಗ್ಲಿಷಿನಲ್ಲಿರುವ ಕೈಪಿಡಿಯೊಂದನ್ನು ನಾವು ಕೆಲವರು ಸೇರಿ ಕನ್ನಡಕ್ಕೆ ತರುತ್ತಿದ್ದೇವೆ. ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದ ಅವಧಿ ಮುಗಿದು ಯಾಂತ್ರಿಕ ಬೋಟುಗಳು ನೀರಿಗಿಳಿಯುವ ಮೊದಲು ಅದನ್ನು ಕಲಾಸಿಗಳ, ಅಂದರೆ ಬೋಟಿನ ಕೆಲಸಗಾರರ, ಕೈಗೆ ಕೊಡಬೇಕೆಂಬುದು ನಮ್ಮ ಆಸೆ.

ಕೆಲಸ ‘ಹೀವ್’ ಎಂಬ ಮಾತಿನಲ್ಲಿ ಬಂದು ನಿಂತಿದೆ. ನಿಘಂಟು ಅದಕ್ಕೆ ‘ಕಷ್ಟಪಟ್ಟು ಎತ್ತು’ ಎಂಬ ಅರ್ಥವನ್ನು ಮೊದಲು ಕೊಡುತ್ತದೆ. ಆದರೆ ಕೈಪಿಡಿಯ ಒಂದು ಪುಟದಲ್ಲಿ ಅದು ಹಗ್ಗ ಎಳೆಯುವುದಕ್ಕೂ, ಇನ್ನೊಂದರಲ್ಲಿ ಹಗ್ಗ ಎಸೆಯುವುದಕ್ಕೂ, ಮತ್ತೊಂದರಲ್ಲಿ ಬೋಟು ತಾನಾಗಿಯೇ ಮೇಲೆದ್ದು ಕೆಳಗಿಳಿಯುವುದಕ್ಕೂ, ಪ್ರಥಮ ಚಿಕಿತ್ಸೆಯ ಅಧ್ಯಾಯದಲ್ಲಿ ಹೊಟ್ಟೆ ತೊಳಸುತ್ತಿರುವವನ ಸ್ಥಿತಿಗೂ ಬಳಕೆಯಾಗಿದೆ. ಬಿರುಗಾಳಿಯ ಅಧ್ಯಾಯದಲ್ಲಿ ‘ಹೀವ್ ಟು’ ಎಂದಿದೆ. ಅಲ್ಲಿ ಎತ್ತುವ ವಸ್ತುವೇ ಕಾಣುವುದಿಲ್ಲ. ಇದು ಕಥೆ ಕಾದಂಬರಿಯ ಅನುವಾದವಾಗಿದ್ದರೆ ಹೇಗೋ ಸಾಗಿಸಬಹುದಿತ್ತು. ಕೈಪಿಡಿಯನ್ನು ನಂಬಿ ಕೆಲಸ ಮಾಡುವವನು ಕಡಲ ನಡುವೆ ಇರುತ್ತಾನೆ. ಆದ್ದರಿಂದ ಆಯಾ ಕಸುಬಿನವರು ಈ ಪದವನ್ನು ಯಾವ ಅರ್ಥದಲ್ಲಿ ಬಲ್ಲರೋ ಅದನ್ನು ವಿವರವಾಗಿ ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ಕುಂದಾಪುರದ ಮಾಸ್ಟ್ರು

ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀರಿ. ಇಂಗ್ಲಿಷ್ ಕಲಿಸಿದವನಾಗಿ ಪದದ ಬೇರಿನಿಂದ ಆರಂಭಿಸುತ್ತೇನೆ. ಹಳೆಯ ಇಂಗ್ಲಿಷಿನಲ್ಲಿ ಇದರ ರೂಪ ‘ಹೆಬ್ಬನ್’. ಜರ್ಮನ್ ಭಾಷೆಯಲ್ಲಿ ಇಂದಿಗೂ ಎತ್ತುವುದಕ್ಕೆ ‘ಹೇಬೆನ್’ ಎನ್ನುತ್ತಾರೆ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟನ್ನು ಕಟ್ಟಿದ ಫರ್ಡಿನಾಂಡ್ ಕಿಟೆಲ್ ಅವರ ತಾಯ್ನುಡಿಯಲ್ಲಿ ಅದು ದಿನಬಳಕೆಯ ಮಾತು. ಭಾರ ಎಂಬರ್ಥದ ‘ಹೆವಿ’ ಕೂಡ ಇದೇ ಬೇರಿನದು. ಎತ್ತಲು ಶ್ರಮ ಬೇಕಾದದ್ದೇ ಭಾರ ಎಂಬ ಅನುಭವ ಆ ಎರಡು ಪದಗಳ ಹಿಂದಿದೆ.

ನಮಗೆ ತೊಡಕಾಗುವುದು ಅರ್ಥಗಳ ಸಂಖ್ಯೆಗಿಂತ ಹೆಚ್ಚಾಗಿ ವ್ಯಾಕರಣದಿಂದ. ಕನ್ನಡದಲ್ಲಿ ‘ಏಳು’ ಬೇರೆ, ‘ಎಬ್ಬಿಸು’ ಬೇರೆ. ‘ಉಬ್ಬು’ ಬೇರೆ, ‘ಉಬ್ಬಿಸು’ ಬೇರೆ. ತಾನಾಗಿ ಆಗುವುದಕ್ಕೂ ಇನ್ನೊಬ್ಬರು ಮಾಡುವುದಕ್ಕೂ ನಾವು ಎರಡು ರೂಪಗಳನ್ನು ಇಟ್ಟುಕೊಂಡಿದ್ದೇವೆ. ತುಳುವಿನಲ್ಲಿಯೂ ‘ಲಕ್ಕುನಿ’ ಎಂದರೆ ತಾನೇ ಏಳುವುದು, ‘ಲಕ್ಕಾವುನಿ’ ಎಂದರೆ ಎಬ್ಬಿಸುವುದು. ಇಂಗ್ಲಿಷಿನ ‘ಹೀವ್’ ಈ ಎರಡನ್ನೂ ಒಂದೇ ರೂಪದಲ್ಲಿ ಹೇಳಿಬಿಡುತ್ತದೆ: ನಾವಿಕರು ಲಂಗರನ್ನು ‘ಹೀವ್’ ಮಾಡುತ್ತಾರೆ, ಹಡಗೂ ಅಲೆಯ ಮೇಲೆ ‘ಹೀವ್’ ಆಗುತ್ತದೆ. ಆದ್ದರಿಂದ ಪ್ರತಿ ವಾಕ್ಯದಲ್ಲಿಯೂ ಮೊದಲು ಕೇಳಿಕೊಳ್ಳಬೇಕಾದದ್ದು, ಚಲಿಸುತ್ತಿರುವುದು ಯಾವುದು ಮತ್ತು ಅದನ್ನು ಚಲಿಸುವಂತೆ ಮಾಡುವವರು ಯಾರಾದರೂ ಇದ್ದಾರೆಯೇ ಎಂಬುದನ್ನು. ಉತ್ತರ ಸಿಕ್ಕರೆ ಅರ್ಧ ಗೊಂದಲ ಅಲ್ಲಿಯೇ ಕರಗುತ್ತದೆ.

ಭೂತಕಾಲದ ರೂಪವೂ ಒಂದು ಸುಳಿವು. ಸಾಮಾನ್ಯ ಬಳಕೆಯಲ್ಲಿ ‘ಹೀವ್ಡ್’ ಎಂದಾಗುತ್ತದೆ. ‘ಹೋವ್’ ಎಂಬ ರೂಪ ಇಂದು ಬಹುಮಟ್ಟಿಗೆ ಹಡಗಿನ ಭಾಷೆಯಲ್ಲಿ ಮಾತ್ರ ಉಳಿದಿದೆ. ‘ಹೋವ್ ಇನ್ ಸೈಟ್’ ಎಂದರೆ ದೂರದ ಹಡಗು ಕಣ್ಣಿಗೆ ಬಿತ್ತು ಎಂದರ್ಥ.

ಮಲ್ಪೆಯ ಬೋಟಿನವ

ಮಾಸ್ಟ್ರೇ, ನೀವು ಹೇಳಿದ ಪ್ರಶ್ನೆ ಸರಿಯಾದದ್ದೇ. ಬೋಟಿನ ಮೇಲೆ ಅದಕ್ಕೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು: ಬಲ ಬೀಳುವುದು ಯಾವ ದಿಕ್ಕಿಗೆ? ಹಗ್ಗವಾದರೆ ನಾವು ತುಳುವಿನಲ್ಲಿ ‘ಒಯ್ಪುಲೆ’ ಎನ್ನುತ್ತೇವೆ, ಮೀನಿನ ಬುಟ್ಟಿಯಾದರೆ ‘ದೆರ್ಪುಲೆ’ ಎನ್ನುತ್ತೇವೆ. ಎಳೆಯುವುದನ್ನೂ ಎತ್ತುವುದನ್ನೂ ಒಂದೇ ಮಾತಿನಲ್ಲಿ ಕೂಗಿದರೆ ನಮ್ಮ ಕಲಾಸಿಗಳು ತಡವರಿಸುತ್ತಾರೆ.

ಚೀಲದಂಥ ಬಲೆಯನ್ನು ನೀರಿನಲ್ಲಿ ಎಳೆದುಕೊಂಡು ಹೋಗುವ ಟ್ರಾಲ್ ಬೋಟಿನಲ್ಲಿ ಎರಡೂ ಬೆನ್ನುಬೆನ್ನಿಗೆ ನಡೆಯುತ್ತವೆ. ವಿಂಚ್ ತಿರುಗಿ ಉಕ್ಕಿನ ಹಗ್ಗ ಸುತ್ತಿಕೊಳ್ಳುವಾಗ ಆಗುವುದು ಎಳೆತ. ಬಲೆಯ ತುದಿಯಲ್ಲಿ ಮೀನು ತುಂಬಿದ ಚೀಲ ಬೋಟಿನ ಮಗ್ಗುಲಿಗೆ ಬಂದು, ಅದಕ್ಕೆ ಹಗ್ಗದ ಕುಣಿಕೆ ಹಾಕಿ ಕಪ್ಪಿಯ ಮೂಲಕ ಮೇಲಕ್ಕೆ ತರುವಾಗ ಆಗುವುದು ಎತ್ತುವಿಕೆ. ಅಪಾಯ ಹೆಚ್ಚಿರುವುದು ಈ ಎರಡನೆಯದರಲ್ಲಿ. ಚೀಲ ನೀರು ಬಿಟ್ಟ ಕೂಡಲೇ ಅದರ ಪೂರ್ತಿ ಭಾರ ಕಪ್ಪಿಯ ತುದಿಯಲ್ಲಿ, ಅಂದರೆ ಬೋಟಿಗಿಂತ ಎಷ್ಟೋ ಎತ್ತರದಲ್ಲಿ, ತೂಗತೊಡಗುತ್ತದೆ. ಬೋಟು ಒಂದು ಬದಿಗೆ ವಾಲುತ್ತದೆ. ಅದೇ ಹೊತ್ತಿಗೆ ಅಡ್ಡ ಅಲೆ ಬಂದರೆ ಚೀಲ ಬೀಸಿಕೊಂಡು ನಿಂತವರಿಗೆ ಬಡಿಯಬಹುದು. ಕೈಪಿಡಿಯಲ್ಲಿ ಈ ಎರಡು ಹಂತಗಳಿಗೆ ಒಂದೇ ಕ್ರಿಯಾಪದ ಹಾಕಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ.

‘ಹೀವ್ ಹೋ’ ಎಂಬ ಕೂಗಿಗೆ ಹೊಸ ಮಾತು ಹುಡುಕುವ ಅಗತ್ಯವಿಲ್ಲ. ‘ಐಸಾ’, ‘ಹೈಲೇಸಾ’ ನಮ್ಮಲ್ಲಿ ಇವೆ. 1970ರ ದಶಕದಲ್ಲಿ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬರುವವರೆಗೆ ಬಂಗುಡೆ, ಬೂತಾಯಿ ಹಿಡಿಯುತ್ತಿದ್ದದ್ದು ಮುಖ್ಯವಾಗಿ ರಂಪಣಿ ಬಲೆಯಲ್ಲಿ. ದಡದ ಮೇಲೆ ಎರಡು ಸಾಲಾಗಿ ನಿಂತು ಊರಿಗೆ ಊರೇ ಅದನ್ನು ಎಳೆಯುತ್ತಿತ್ತು. ಕೂಗಿನ ಮೊದಲ ಭಾಗದಲ್ಲಿ ಉಸಿರು ಒಳಗೆಳೆದು ಕಾಲು ಮರಳಿಗೆ ಊರುವುದು, ಎರಡನೆಯ ಭಾಗದಲ್ಲಿ ಎಲ್ಲರ ಬಲವೂ ಒಟ್ಟಿಗೆ ಹಗ್ಗಕ್ಕೆ ಬೀಳುವುದು. ಈಗಲೂ ನಾಡದೋಣಿಯನ್ನು ಅಲೆಯ ಅಂಚಿನಿಂದ ಮೇಲಕ್ಕೆ ಸರಿಸುವಾಗ ಕೇಳುವುದು ಇದೇ ಕ್ರಮ.

ಪಣಂಬೂರಿನ ಹಳೆಯ ಕೆಲಸಗಾರ

1974ರ ಮೇ 4ರಂದು ದೊಡ್ಡ ಬಂದರೆಂದು ಘೋಷಣೆಯಾದ ನವಮಂಗಳೂರು ಬಂದರಿನಲ್ಲಿ ಹಡಗು ಕಟ್ಟುವ ತಂಡದಲ್ಲಿದ್ದವನು ನಾನು. ಎಸೆಯುವ ಅರ್ಥವನ್ನು ನಾನು ವಿವರಿಸುತ್ತೇನೆ.

ಹಡಗನ್ನು ದಕ್ಕೆಗೆ, ಅಂದರೆ ಹಡಗು ನಿಲ್ಲುವ ಕಟ್ಟೆಗೆ, ಕಟ್ಟುವ ಹಗ್ಗ ಕೈಯಿಂದ ಎಸೆಯುವಂಥದ್ದಲ್ಲ. ಅದರ ಭಾರಕ್ಕೆ ಒಬ್ಬಿಬ್ಬರು ಸಾಲುವುದಿಲ್ಲ. ಆದ್ದರಿಂದ ಮೊದಲು ಬರುವುದು ‘ಹೀವಿಂಗ್ ಲೈನ್’ ಎಂಬ ತೆಳು ಹಗ್ಗ. ಅದರ ತುದಿಯಲ್ಲಿ ‘ಮಂಕೀಸ್ ಫಿಸ್ಟ್’ ಎಂದು ಕರೆಯುವ ದುಂಡನೆಯ ಗಂಟು ಇರುತ್ತದೆ. ಎಸೆಯುವವನು ಹಗ್ಗವನ್ನು ಸುರುಳಿ ಮಾಡಿ, ಅರ್ಧ ಸುರುಳಿಯನ್ನು ಬಲಗೈಯಲ್ಲಿಯೂ ಉಳಿದದ್ದನ್ನು ತೆರೆದ ಎಡಗೈಯಲ್ಲಿಯೂ ಹಿಡಿದು, ಮೈ ತಿರುಗಿಸಿ ಬೀಸುತ್ತಾನೆ. ಎಡಗೈಯ ಸುರುಳಿ ತಾನಾಗಿ ಬಿಚ್ಚಿಕೊಂಡು ಹಿಂದೆಯೇ ಹೋಗುತ್ತದೆ. ದಕ್ಕೆಯ ಮೇಲಿದ್ದವರು ಅದನ್ನು ಹಿಡಿದು ಎಳೆದರೆ ಅದರ ಇನ್ನೊಂದು ತುದಿಗೆ ಕಟ್ಟಿದ ದಪ್ಪ ಹಗ್ಗ ನೀರಿನ ಮೇಲಿಂದ ಬರುತ್ತದೆ. ಗಂಟು ದೂರ ಹೋಗಲೆಂದು ಅದರೊಳಗೆ ಕಬ್ಬಿಣದ ತುಂಡನ್ನೋ ಸೀಸವನ್ನೋ ಸೇರಿಸುವವರಿದ್ದಾರೆ. ಅದು ದಕ್ಕೆಯ ಮೇಲಿರುವವನ ತಲೆಗೆ ಬಿದ್ದರೆ ಉಳಿಯುವುದು ಕಷ್ಟ. ಹಗ್ಗವಲ್ಲದೆ ಬೇರೇನೂ ಅದರಲ್ಲಿರಬಾರದು ಎಂಬ ವಾಕ್ಯವನ್ನು ದಯವಿಟ್ಟು ದಪ್ಪಕ್ಷರದಲ್ಲಿ ಹಾಕಿಸಿ. ಇದಕ್ಕೆ ‘ಎಸೆಹಗ್ಗ’ ಎಂದರೆ ಯಾರಿಗೂ ಅರ್ಥವಾದೀತು.

ಕ್ರೇನಿನ ಕೆಲಸದಲ್ಲಿ ಎತ್ತುವ ಆಜ್ಞೆಗೆ ಕಲಾಸಿಗಳ ಬಾಯಲ್ಲಿರುವ ಮಾತು ‘ಹಬೀಸ್’, ಇಳಿಸುವುದಕ್ಕೆ ‘ಆರಿಯಾ’. ಇಳಿಸು ಎಂಬರ್ಥದ ಪೋರ್ಚುಗೀಸ್ ಮಾತಿನಿಂದ ‘ಆರಿಯಾ’ ಬಂದಿದೆ. ಯಾವ ಊರಿನವನಾದರೂ, ಯಾವ ಭಾಷೆಯವನಾದರೂ ಕ್ರೇನಿನ ಕೆಳಗೆ ನಿಂತವನಿಗೆ ಈ ಎರಡು ಗೊತ್ತು. ಇವನ್ನು ಅಳಿಸಿ ಶುದ್ಧ ಪದ ಹಾಕಲು ಹೋಗಬಾರದು.

ಇನ್ನು ಹಡಗು ತಾನೇ ಏಳುವುದು. ನೀರಿನ ಮೇಲಿರುವ ಹಡಗಿಗೆ ಆರು ಬಗೆಯ ಚಲನೆಗಳನ್ನು ಹೇಳುತ್ತಾರೆ. ಮೂರು ತಿರುಗುವಂಥವು: ಮಗ್ಗುಲಿಂದ ಮಗ್ಗುಲಿಗೆ ಹೊರಳುವುದು, ಮೂತಿ ಮೇಲೆ ಕೆಳಗೆ ಆಗುವುದು, ಮೂತಿ ಎಡಬಲಕ್ಕೆ ತಿರುಗುವುದು. ಮೂರು ನೇರವಾದವು: ಮುಂದೆ ಹಿಂದೆ ಸರಿಯುವುದು, ಅಡ್ಡಕ್ಕೆ ಸರಿಯುವುದು, ಇಡೀ ಹಡಗು ಮಟ್ಟಸವಾಗಿಯೇ ಮೇಲೆದ್ದು ಕೆಳಗಿಳಿಯುವುದು. ಈ ಕೊನೆಯದು ಮಾತ್ರ ‘ಹೀವ್’. ಬಂದರಿನವರಿಗೆ ಅದು ಮುಖ್ಯವಾಗುವುದು ಆಳದ ಲೆಕ್ಕದಲ್ಲಿ. ತುಂಬಿದ ಹಡಗಿನ ತಳಕ್ಕೂ ಕಾಲುವೆಯ ತಳಕ್ಕೂ ನಡುವೆ ಎಷ್ಟು ನೀರಿದೆ ಎಂದು ಲೆಕ್ಕ ಹಾಕುವಾಗ, ಅಲೆಯ ತಗ್ಗಿನಲ್ಲಿ ಹಡಗು ಎಷ್ಟು ಕೆಳಗಿಳಿದೀತು ಎಂಬುದನ್ನು ಕಳೆಯಲೇಬೇಕು. ನದಿ ಕಡಲು ಸೇರುವ ಅಳಿವೆ ಬಾಗಿಲು ದಾಟುವ ಬೋಟಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಮರಳು ದಿಬ್ಬದ ಮೇಲೆ ಬೋಟು ಅಲೆಯ ತಗ್ಗಿಗೆ ಬಿದ್ದರೆ ತಳ ಬಡಿಯುತ್ತದೆ.

ಕೋಡಿಬೆಂಗ್ರೆಯ ಓದುಗ

ಇಷ್ಟು ನಿಖರವಾಗಿ ಬರೆದದ್ದಕ್ಕೆ ಮೂವರಿಗೂ ಕೃತಜ್ಞತೆಗಳು. ‘ಹೀವ್ ಟು’ ಇನ್ನೂ ಬಾಕಿ ಇದೆ. ನಮ್ಮ ಗುಂಪಿನ ಒಬ್ಬರು ‘ಬೋಟನ್ನು ನಿಲ್ಲಿಸು’ ಎಂದು ಬರೆದಿದ್ದಾರೆ. ಅದು ಸಾಕೇ?

ಕುಂದಾಪುರದ ಮಾಸ್ಟ್ರು

ನಿಘಂಟಿನ ಅರ್ಥ ಅದೇ. ಮುಂದಕ್ಕೆ ಹೋಗುತ್ತಿರುವ ಹಡಗು ಸಾಗುವುದನ್ನು ಬಿಟ್ಟು ಬಹುಮಟ್ಟಿಗೆ ಇದ್ದಲ್ಲೇ ಇರುವಂತೆ ಮಾಡುವುದು.

ಮಲ್ಪೆಯ ಬೋಟಿನವ

ಮಾಸ್ಟ್ರ ಮಾತಿಗೆ ಎದುರು ಹೇಳುವುದು ನನ್ನ ಉದ್ದೇಶವಲ್ಲ. ಆದರೆ ಬಿರುಗಾಳಿಯ ಅಧ್ಯಾಯದಲ್ಲಿ ‘ನಿಲ್ಲಿಸು’ ಎಂಬ ಮಾತು ಬರಲೇಕೂಡದು. ಹಾಯಿಯ ಕಾಲದಲ್ಲಿ ಮುಂದಿನ ಹಾಯಿಯನ್ನು ಗಾಳಿಗೆ ಎದುರಾಗಿ ಕಟ್ಟಿ, ಚುಕ್ಕಾಣಿಯನ್ನು ಅದಕ್ಕೆ ವಿರುದ್ಧವಾಗಿ ಬಿಗಿದು, ಎರಡೂ ಒಂದನ್ನೊಂದು ತಡೆಯುವಂತೆ ಮಾಡಿ ಹಡಗನ್ನು ಗಾಳಿಗೆ ಓರೆಯಾಗಿ ನಿಧಾನಕ್ಕೆ ತೇಲಲು ಬಿಡುತ್ತಿದ್ದರು. ಎಂಜಿನ್ ಇರುವ ಬೋಟಿನಲ್ಲಿ ‘ಹೀವ್ ಟು’ ಎಂದರೆ ಮೂತಿಯನ್ನು ಅಲೆಗೆ ಎದುರಾಗಿ, ಇಲ್ಲವೇ ಸ್ವಲ್ಪ ಓರೆಯಾಗಿ ಇಟ್ಟು, ಚುಕ್ಕಾಣಿ ಮಾತು ಕೇಳುವಷ್ಟು ಮಾತ್ರ ಎಂಜಿನ್ ಓಡಿಸುತ್ತಾ ಗಾಳಿ ಇಳಿಯುವವರೆಗೆ ಕಾಯುವುದು. ‘ನಿಲ್ಲಿಸು’ ಎಂದು ಓದಿದ ಹುಡುಗ ಎಂಜಿನ್ ಬಂದ್ ಮಾಡಿದರೆ ಬೋಟು ಕೆಲವೇ ಕ್ಷಣಗಳಲ್ಲಿ ಅಲೆಗೆ ಅಡ್ಡ ತಿರುಗುತ್ತದೆ. ಅಡ್ಡ ತಿರುಗಿದ ಬೋಟನ್ನು ದೊಡ್ಡ ಅಲೆ ಮಗುಚುವುದಕ್ಕೆ ಹೆಚ್ಚು ಹೊತ್ತು ಬೇಡ.

ಅದೇ ‘ಹೀವ್ ಟು’ ಕೋಸ್ಟ್ ಗಾರ್ಡ್ ಹಡಗಿನಿಂದ ಧ್ವನಿವರ್ಧಕದಲ್ಲಿಯೋ ವಿಎಚ್‌ಎಫ್ ರೇಡಿಯೊದಲ್ಲಿಯೋ ಕೇಳಿಬಂದರೆ ಅದು ತಪಾಸಣೆಗಾಗಿ ನಿಲ್ಲಿ ಎಂಬ ಆಜ್ಞೆ. ಅಲ್ಲಿ ನಿಲ್ಲಿಸಲೇಬೇಕು; ಮುಂದೆ ಸಾಗಿದರೆ ತಪ್ಪಿಸಿಕೊಳ್ಳುತ್ತಿದ್ದೀರಿ ಎಂದು ತಿಳಿಯುತ್ತಾರೆ. ಎರಡು ಸಂದರ್ಭ, ಎರಡು ಕೆಲಸ. ಇಂಗ್ಲಿಷಿನಲ್ಲಿ ಒಂದೇ ಮಾತಿದೆ ಎಂದು ಕನ್ನಡದಲ್ಲಿಯೂ ಒಂದನ್ನೇ ಇಡುವುದು ನನಗೆ ಒಪ್ಪಿಗೆಯಿಲ್ಲ.

ಕುಂದಾಪುರದ ಮಾಸ್ಟ್ರು

ಬೋಟಿನವರು ಹೇಳಿದ್ದೇ ಸರಿ. ಎರಡು ಕಡೆ ಎರಡು ವಾಕ್ಯಗಳಿರಲಿ.

ಮಣಿಪಾಲದ ಭೂವಿಜ್ಞಾನ ಅಧ್ಯಾಪಕಿ

ಕೈಪಿಡಿಗೆ ನೇರವಾಗಿ ಬೇಕಾಗದಿದ್ದರೂ, ನಮ್ಮ ಶಾಸ್ತ್ರದ ಅರ್ಥವನ್ನು ಇಲ್ಲಿ ದಾಖಲಿಸುವುದು ಒಳ್ಳೆಯದು. ಏಕೆಂದರೆ ಅಲ್ಲಿ ‘ಹೀವ್’ ಎತ್ತುವುದೂ ಅಲ್ಲ, ಏಳುವುದೂ ಅಲ್ಲ, ಅಡ್ಡಕ್ಕೆ ಸರಿಯುವುದು. ಶಿಲಾಸ್ತರವೊಂದು ಇಳಿಜಾರಾದ ಬಿರುಕಿನ ಉದ್ದಕ್ಕೂ ಸೀಳಿ ಜಾರಿದಾಗ, ಆ ಜಾರಿಕೆಯನ್ನು ಎರಡು ಭಾಗವಾಗಿ ಅಳೆಯುತ್ತೇವೆ. ಲಂಬವಾಗಿ ಎಷ್ಟು ಇಳಿಯಿತು ಎಂಬುದಕ್ಕೆ ‘ಥ್ರೋ’ ಎನ್ನುತ್ತೇವೆ, ಅಡ್ಡಕ್ಕೆ ಎಷ್ಟು ದೂರವಾಯಿತು ಎಂಬುದಕ್ಕೆ ‘ಹೀವ್’ ಎನ್ನುತ್ತೇವೆ. ಬಿರುಕಿನ ಇಳಿಜಾರು 45 ಡಿಗ್ರಿ ಇದ್ದರೆ ಎರಡೂ ಸಮ. 60 ಡಿಗ್ರಿ ಇದ್ದು ಲಂಬ ಇಳಿತ 10 ಮೀಟರ್ ಆಗಿದ್ದರೆ ‘ಹೀವ್’ ಸುಮಾರು 5.8 ಮೀಟರ್.

ಮೇಲೆತ್ತುವ ಪದ ಅಡ್ಡ ಚಲನೆಗೆ ಹೇಗೆ ಬಂತು ಎಂದು ವಿದ್ಯಾರ್ಥಿಗಳು ಪ್ರತಿ ವರ್ಷವೂ ಕೇಳುತ್ತಾರೆ. ಇಂಗ್ಲೆಂಡಿನ ಕಾರ್ನ್‌ವಾಲ್‌ನ ತವರ ಮತ್ತು ತಾಮ್ರದ ಗಣಿಗಳಲ್ಲಿ ಅದಿರಿನ ಪದರವನ್ನು ಹಿಂಬಾಲಿಸಿ ಅಗೆಯುತ್ತಾ ಹೋದವರಿಗೆ, ಅಡ್ಡ ಬಿರುಕೊಂದು ಬಂದ ಜಾಗದಲ್ಲಿ ಪದರ ಹಠಾತ್ತನೆ ಮಾಯವಾಗುತ್ತಿತ್ತು. ಎಡಕ್ಕೋ ಬಲಕ್ಕೋ ಹುಡುಕಿದರೆ ಮುಂದುವರಿಕೆ ಸಿಗುತ್ತಿತ್ತು. ಬಿರುಕು ಪದರವನ್ನು ‘ಹೀವ್’ ಮಾಡಿದೆ ಎಂದು ಅವರು ಹೇಳುತ್ತಿದ್ದರು, ಅಂದರೆ ಬದಿಗೆ ನೂಕಿದೆ ಎಂದು. ಕಾರ್ಮಿಕರ ಆ ಮಾತು ಶಾಸ್ತ್ರಕ್ಕೆ ಹಾಗೆಯೇ ಬಂತು. ಕನ್ನಡದಲ್ಲಿ ನಾನು ‘ಅಡ್ಡಸರಿತ’ ಎಂದು ಬರೆಸುತ್ತೇನೆ.

ಸುರತ್ಕಲ್‌ನ ಸಿವಿಲ್ ಎಂಜಿನಿಯರ್

ಮೇಡಂ ಅವರ ನೆಲ ಅಡ್ಡಕ್ಕೆ ಸರಿದರೆ, ನಮ್ಮದರಲ್ಲಿ ಅದು ನಿಜವಾಗಿಯೂ ಮೇಲೇಳುತ್ತದೆ. ಧಾರವಾಡ, ವಿಜಯಪುರ, ಕಲಬುರಗಿಯ ಎರೆಭೂಮಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಹೆಚ್ಚು. ಅದು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಹಗುರವಾದ ಮನೆಗಳ ಅಡಿಪಾಯವನ್ನು ವರ್ಷ ವರ್ಷವೂ ಮೇಲೆ ಕೆಳಗೆ ಮಾಡಿ ಗೋಡೆ ಸೀಳುತ್ತದೆ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇದಕ್ಕಾಗಿಯೇ ತಳದಲ್ಲಿ ಅಗಲವಾಗುವ ಕಂಬದ ಅಡಿಪಾಯವನ್ನು ರೂಪಿಸಿತು. ಕಂಬದ ಅಗಲವಾದ ಬುಡ ಕೆಳಗಿನ ಸ್ಥಿರ ಮಣ್ಣನ್ನು ಹಿಡಿದುಕೊಂಡಿರುವುದರಿಂದ ಮೇಲಿನ ಮಣ್ಣು ಉಬ್ಬಿದರೂ ಕಟ್ಟಡ ಏಳುವುದಿಲ್ಲ. ಕರಾವಳಿಯ ಮುರಕಲ್ಲಿನ ನೆಲದಲ್ಲಿ ಈ ತೊಂದರೆ ಹೆಚ್ಚಾಗಿ ಇಲ್ಲ. ಆದರೆ ನದೀಮುಖದ ಬಳಿಯ ಮೆತ್ತನೆಯ ಜೇಡಿಯಲ್ಲಿ ಆಳದ ಗುಂಡಿ ತೋಡಿದರೆ, ಸುತ್ತಲಿನ ಮಣ್ಣಿನ ಭಾರಕ್ಕೆ ಗುಂಡಿಯ ತಳವೇ ಉಬ್ಬಿಕೊಂಡು ಬರುತ್ತದೆ. ಅದನ್ನೂ ‘ಹೀವ್’ ಎಂದೇ ಕರೆಯುತ್ತೇವೆ, ಮತ್ತು ಅದು ಕಂಡ ಕ್ಷಣ ಕೆಲಸದವರನ್ನು ಹೊರಗೆ ಕಳಿಸುತ್ತೇವೆ.

ಹಿಮಪ್ರದೇಶಗಳಲ್ಲಿ ರಸ್ತೆ ಉಬ್ಬುವುದೂ ಇದೇ ಹೆಸರಿನದು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಅದರಿಂದ ನೆಲ ಏಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಅಷ್ಟೇ ಕಾರಣವಲ್ಲ. ಅಮೆರಿಕದ ಭೂವಿಜ್ಞಾನಿ ಸ್ಟೀಫನ್ ಟೇಬರ್ ನೀರಿನ ಬದಲು ಹೆಪ್ಪುಗಟ್ಟುವಾಗ ಕುಗ್ಗುವ ಬೆಂಜೀನ್ ಬಳಸಿ ಪ್ರಯೋಗ ಮಾಡಿದಾಗಲೂ ಮಣ್ಣು ಮೇಲೆದ್ದಿತು. 1930ರಲ್ಲಿ ಅವರು ಇದನ್ನು ಪ್ರಕಟಿಸಿದರು. ಹೆಪ್ಪುಗಟ್ಟುತ್ತಿರುವ ಪದರ ಕೆಳಗಿನಿಂದ ದ್ರವವನ್ನು ಹೀರಿಕೊಳ್ಳುತ್ತಾ ದಪ್ಪವಾಗುತ್ತದೆ, ನೆಲವನ್ನು ಎತ್ತುವುದು ಹಾಗೆ ಬೆಳೆದ ಮಂಜುಗಡ್ಡೆಯ ಪದರ. ಮಣ್ಣಿನ ಈ ಎಲ್ಲ ಬಗೆಗಳಿಗೂ ‘ನೆಲದುಬ್ಬು’ ಎಂದರೆ ಸಾಕು.

ಕಂಕನಾಡಿಯ ವೈದ್ಯೆ

ವೈದ್ಯಕೀಯದಲ್ಲಿ ಎರಡು ಅರ್ಥಗಳಿವೆ, ಅವುಗಳಿಗೆ ಪರಸ್ಪರ ಸಂಬಂಧವಿಲ್ಲ. ಒಂದು ಹೃದಯ ಪರೀಕ್ಷೆಯದು. ಎದೆಮೂಳೆಯ ಎಡ ಅಂಚಿನಲ್ಲಿ ಅಂಗೈಯ ಬುಡವನ್ನು ಒತ್ತಿಟ್ಟಾಗ, ಪ್ರತಿ ಬಡಿತಕ್ಕೂ ಅದು ಕೈಯನ್ನು ಎತ್ತಿ ಹಿಡಿದಂತಾದರೆ ‘ಹೀವ್’ ಇದೆ ಎಂದು ಬರೆಯುತ್ತೇವೆ. ಬಲ ಹೃತ್ಕುಕ್ಷಿ (ಹೃದಯದ ಬಲಭಾಗದ ಕೆಳಕೋಣೆ) ಹೆಚ್ಚಿನ ಒತ್ತಡಕ್ಕೆ ದಪ್ಪವಾಗಿರಬಹುದು ಎಂಬುದರ ಸೂಚನೆ ಅದು. ಬಾಲ್ಯದ ರುಮ್ಯಾಟಿಕ್ ಜ್ವರದಿಂದ ಹೃದಯದ ಎಡಭಾಗದ ಮೈಟ್ರಲ್ ಕವಾಟ ಕಿರಿದಾದವರಲ್ಲಿ ಕಾಣುತ್ತದೆ. ಕೈಗೆ ನಡುಕದಂತೆ ತಾಗುವ ‘ಥ್ರಿಲ್’ ಇದಕ್ಕಿಂತ ಬೇರೆ.

ಇನ್ನೊಂದು ನಿಮ್ಮ ಕೈಪಿಡಿಯದು. ‘ಡ್ರೈ ಹೀವ್ಸ್’ ಎಂದರೆ ವಾಂತಿಯಲ್ಲ. ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪದರ) ಮತ್ತು ಹೊಟ್ಟೆಯ ಸ್ನಾಯುಗಳು ವಾಂತಿಯ ಹಾಗೆಯೇ ಹಿಂಡುತ್ತವೆ, ಗಂಟಲ ದ್ವಾರ ಮುಚ್ಚಿರುತ್ತದೆ, ಹೊರಗೆ ಏನೂ ಬರುವುದಿಲ್ಲ. ‘ಬರೀ ಓಕರಿಕೆ’ ಎಂದು ನಮ್ಮ ರೋಗಿಗಳು ಹೇಳುವುದು ಇದನ್ನೇ. ಈ ವ್ಯತ್ಯಾಸ ಪ್ರಥಮ ಚಿಕಿತ್ಸೆಯಲ್ಲಿ ಮುಖ್ಯ. ಕಡಲ ಪ್ರಯಾಣದ ತಲೆಸುತ್ತಿನಿಂದ ಹೊಟ್ಟೆ ಖಾಲಿಯಾದ ಮೇಲೂ ಓಕರಿಕೆ ನಿಲ್ಲದಿದ್ದರೆ ಆತ ಸಾಕಷ್ಟು ನೀರು ಕಳೆದುಕೊಂಡಿರಬಹುದು. ಒಂದೇ ಸಲಕ್ಕೆ ಲೋಟ ತುಂಬ ಕುಡಿಸದೆ ಒಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕೊಡಬೇಕು. ಓಕರಿಸುವವನು ಬೋಟಿನ ಅಂಚಿಗೆ ಒಬ್ಬನೇ ಹೋಗಿ ಬಗ್ಗದಂತೆ ಒಬ್ಬರು ಹಿಡಿದುಕೊಂಡಿರಬೇಕು ಎಂಬುದನ್ನೂ ಸೇರಿಸಿ.

ಬ್ರಹ್ಮಾವರದ ಪಶುವೈದ್ಯ

ಚಿಕ್ಕ ಸೇರ್ಪಡೆ. ಕುದುರೆಗಳಿಗೆ ಹುಲ್ಲಿನ ಧೂಳು ಮತ್ತು ಬೂಷ್ಟಿನಿಂದ ಬರುವ ದೀರ್ಘಕಾಲದ ಉಬ್ಬಸಕ್ಕೆ ‘ಹೀವ್ಸ್’ ಎಂಬ ಹೆಸರಿದೆ. ಉಸಿರು ಹೊರದಬ್ಬಲು ಹೆಣಗಿ ಹೆಣಗಿ ಹೊಟ್ಟೆಯ ಬದಿಯ ಸ್ನಾಯು ಗೆರೆಯಂತೆ ಎದ್ದು ಕಾಣುತ್ತದೆ. ಇದೇ ಕ್ರಿಯಾಪದದ ಹಳೆಯ ರೂಪವಾದ ‘ಹೋವನ್’ ಎಂಬುದು ದನಗಳ ಹೊಟ್ಟೆ ಉಬ್ಬರದ ಹೆಸರು. ಎಳೆಯ ದ್ವಿದಳ ಮೇವನ್ನು ಒಮ್ಮೆಗೇ ಹೆಚ್ಚು ತಿಂದ ಹಸುವಿನ ಎಡ ಪಕ್ಕೆ ಉಬ್ಬಿ ನಿಲ್ಲುವುದನ್ನು ಇಲ್ಲಿನ ಹೈನುಗಾರರೆಲ್ಲರೂ ಬಲ್ಲರು.

ಉಡುಪಿಯ ಭಾಷಾಪ್ರೇಮಿ

ಚರ್ಚೆಯನ್ನು ಸಂತೋಷದಿಂದ ಓದುತ್ತಿದ್ದೇನೆ. ಆದರೂ ಇಷ್ಟೊಂದು ಬೇರೆ ಬೇರೆ ಮಾತುಗಳ ಬದಲು, ಹಳಗನ್ನಡದ ‘ನೆಗಪು’ ಎಂಬ ಸುಂದರ ಧಾತುವನ್ನು ಮತ್ತೆ ಬಳಕೆಗೆ ತಂದು ಎಲ್ಲ ಶಾಸ್ತ್ರಗಳಿಗೂ ಅದೊಂದನ್ನೇ ಪಾರಿಭಾಷಿಕ ಪದವಾಗಿ ಇಡಬಾರದೇಕೆ?

ಕುಂದಾಪುರದ ಮಾಸ್ಟ್ರು

‘ನೆಗಪು’ ನನಗೂ ಪ್ರಿಯವಾದ ಪದ. ಕಾವ್ಯ ಓದುವಾಗ ಅದು ಬಂದರೆ ಮನಸ್ಸು ಅರಳುತ್ತದೆ. ಆದರೆ ಅದು ಎತ್ತುವುದನ್ನು ಮಾತ್ರ ಹೇಳುತ್ತದೆ. ಭೂವಿಜ್ಞಾನದ ಅಡ್ಡಸರಿತಕ್ಕೆ ಅದನ್ನು ಹೊಂದಿಸಿದರೆ ವಿದ್ಯಾರ್ಥಿ ದಾರಿ ತಪ್ಪುತ್ತಾನೆ, ಓಕರಿಕೆಗೆ ಹೊಂದಿಸಿದರೆ ರೋಗಿಗೆ ಅರ್ಥವಾಗುವುದಿಲ್ಲ. ಇಂಗ್ಲಿಷಿನವರು ಕೂಡ ಕುಳಿತು ಯೋಚಿಸಿ ಒಂದು ಪದವನ್ನು ಎಲ್ಲರಿಗೂ ಹಂಚಿದವರಲ್ಲ. ಗಣಿಯವರು, ನಾವಿಕರು, ದನ ಸಾಕುವವರು ತಮ್ಮ ತಮ್ಮ ಕೆಲಸದಲ್ಲಿ ಬಳಸಿದ್ದು ಹಾಗೆ ಉಳಿದಿದೆ. ನಮ್ಮ ಕೆಲಸಗಾರರ ಬಾಯಲ್ಲಿ ಬೇರೆ ಬೇರೆ ಮಾತುಗಳಿರುವಾಗ ಅವನ್ನು ಬಿಟ್ಟುಕೊಡುವುದೇಕೆ? ನಿಟ್ಟುಸಿರಿಗೂ ಇಂಗ್ಲಿಷಿನಲ್ಲಿ ‘ಹೀವ್’ ಸೇರುತ್ತದೆ. ನಾವು ಅದನ್ನು ಎತ್ತುವುದಿಲ್ಲ, ಬಿಡುತ್ತೇವೆ.

ಕೋಡಿಬೆಂಗ್ರೆಯ ಓದುಗ

ಗುಂಪಿನಲ್ಲಿ ಮಾತನಾಡಿ ಹೀಗೆ ನಿಶ್ಚಯಿಸಿದ್ದೇವೆ. ಹಗ್ಗಕ್ಕೂ ಲಂಗರಿಗೂ ‘ಎಳೆ’, ಬಲೆಯ ಚೀಲಕ್ಕೆ ‘ಮೇಲೆತ್ತು’, ದಕ್ಕೆಗೆ ಬೀಸುವ ಹಗ್ಗಕ್ಕೆ ‘ಎಸೆಹಗ್ಗ’, ಬೋಟಿನ ಚಲನೆಗೆ ‘ಏಳುಬೀಳು’, ಹೊಟ್ಟೆಯದಕ್ಕೆ ‘ಬರೀ ಓಕರಿಕೆ’. ಕ್ರೇನಿನ ಪುಟದಲ್ಲಿ ‘ಹಬೀಸ್’, ‘ಆರಿಯಾ’ ಹಾಗೆಯೇ ಇರುತ್ತವೆ. ಬಿರುಗಾಳಿಯ ಅಧ್ಯಾಯಕ್ಕೆ ಈ ವಾಕ್ಯ ಬರೆದಿದ್ದೇವೆ: ‘ಮೂತಿಯನ್ನು ಅಲೆಗೆ ಎದುರಾಗಿ ಹಿಡಿದು, ಎಂಜಿನ್ ನಿಧಾನವಾಗಿ ಓಡಿಸುತ್ತಾ ಕಾಯಿರಿ.’ ಬೋಟು ನಡೆಸುವ ತಂಡೇಲರಿಗೆ ಇದು ಒಪ್ಪಿಗೆಯಾದೀತೇ?

ಮಲ್ಪೆಯ ಬೋಟಿನವ

ಒಪ್ಪಿಗೆ, ಒಂದು ತಿದ್ದುಪಡಿಯೊಂದಿಗೆ. ‘ಏಳುಬೀಳು’ ಎಂದರೆ ನಮ್ಮವರು ವ್ಯಾಪಾರದ ಲಾಭನಷ್ಟ ಎಂದು ತಿಳಿದಾರು, ‘ಏರಿಳಿತ’ ಎಂದು ಬರೆಯಿರಿ. ಬಿರುಗಾಳಿಯ ವಾಕ್ಯದ ಕೊನೆಗೆ ‘ಯಾವ ಕಾರಣಕ್ಕೂ ಎಂಜಿನ್ ಬಂದ್ ಮಾಡಬೇಡಿ’ ಎಂದು ಸೇರಿಸಿ, ಕೋಸ್ಟ್ ಗಾರ್ಡ್ ಆಜ್ಞೆಯ ವಿಷಯವನ್ನು ಅದೇ ಪುಟದಲ್ಲಿ ಹಾಕದೆ ಬೇರೆ ಪುಟಕ್ಕೆ ತೆಗೆದುಕೊಂಡು ಹೋಗಿ. ಅಚ್ಚಿಗೆ ಕೊಡುವ ಮೊದಲು ಆ ಎರಡು ಪುಟಗಳನ್ನು ಇಲ್ಲಿ ಹಾಕಿದರೆ ನಮ್ಮ ದಕ್ಕೆಯ ಇನ್ನಿಬ್ಬರು ತಂಡೇಲರಿಗೆ ಓದಿ ಹೇಳಿ ಅವರ ಅಭಿಪ್ರಾಯವನ್ನು ಬರೆಯುತ್ತೇನೆ.